ಹುಬ್ಬಳ್ಳಿ–ಧಾರವಾಡದಲ್ಲಿ ಯಾವ ಹೊತ್ತಿಗೆ ಎಲ್ಲಿ ಉಣ್ಣಬೇಕು: ಖಾನಾವಳಿ, ಸಾವಜಿ, ಗಿರಮಿಟ್, ಪೇಡೆ

ಹುಬ್ಬಳ್ಳಿ ಸ್ಟೇಷನ್ನಿನಲ್ಲಿ ಇಳಿದವರು ಆಟೋದವರನ್ನು ಕೇಳುವ ಮೊದಲ ಪ್ರಶ್ನೆ, "ಅಣ್ಣಾ, ಇಲ್ಲಿ ಊಟಕ್ಕೆ ಒಳ್ಳೆ ಹೋಟೆಲ್ ಯಾವುದು?" ಊರು ಬಲ್ಲ ಆಟೋದವರು ತಟ್ಟನೆ ಹೆಸರು ಹೇಳುವುದಿಲ್ಲ. "ಈಗ ಟೈಮ್ ಎಷ್ಟಾತ್ರಿ?" ಅಂತ ತಿರುಗಿ ಕೇಳುತ್ತಾರೆ.

ಹಾಗೆ ಕೇಳುವುದೇ ಸರಿ. ಈ ಅವಳಿ ನಗರದ ಅಡುಗೆ ಬಹುಪಾಲು ಆಗಿಂದಾಗ ಮಾಡಿ ಆಗಿಂದಾಗ ತಿನ್ನುವಂಥದ್ದು. ಬಡಿದು ಕಾಲು ಗಂಟೆಯಾದ ರೊಟ್ಟಿ, ಕಲಸಿ ಹತ್ತು ನಿಮಿಷವಾದ ಗಿರಮಿಟ್, ಮಧ್ಯಾಹ್ನ ಕರಿದಿಟ್ಟು ಸಂಜೆ ಕೊಟ್ಟ ಮಿರ್ಚಿ ಭಜಿ ಎಷ್ಟೇ ಹೆಸರಾದ ಅಂಗಡಿಯದಾದರೂ ರುಚಿಸುವುದಿಲ್ಲ. ಬೋರ್ಡೂ ಸರಿಯಾಗಿ ಕಾಣದ ಖಾನಾವಳಿಗೆ ಸರಿಯಾದ ಹೊತ್ತಿಗೆ ಹೋದವರು, ಹೆಸರಾದ ಕಡೆ ಹೊತ್ತು ಮೀರಿ ಹೋದವರಿಗಿಂತ ಚಲೋ ಉಂಡು ಬರುತ್ತಾರೆ. ಅದಕ್ಕೇ ಇಲ್ಲಿ ಮೊದಲು ಗಡಿಯಾರ, ಆಮೇಲೆ ಹೋಟೆಲು. ದರ ಬರೆದಿಲ್ಲ, ಅದು ಬದಲಾಗುತ್ತಲೇ ಇರುತ್ತದೆ. ಕೂರುವ ಮುಂಚೆ ಗಲ್ಲಾದ ಹಿಂದಿನ ಬೋರ್ಡ್ ನೋಡಿಕೊಂಡರೆ ಸಾಕು.

ಮಧ್ಯಾಹ್ನ: ಖಾನಾವಳಿಯೋ, ಎಸಿ ಹೋಟೆಲೋ

ಮಧ್ಯಾಹ್ನ ಹನ್ನೆರಡೂವರೆಯಿಂದ ಎರಡರ ನಡುವೆ ಹಸಿವಾಗಿದ್ದರೆ ಎರಡನೇ ಮಾತಿಲ್ಲ, ಖಾನಾವಳಿ. ಲಿಂಗಾಯತ ಖಾನಾವಳಿ, ಬಸವೇಶ್ವರ ಖಾನಾವಳಿ ಅನ್ನುವ ಬೋರ್ಡು ಎರಡೂ ಊರಿನ ಬಸ್‌ಸ್ಟ್ಯಾಂಡ್, ಮಾರುಕಟ್ಟೆ, ಕಾಲೇಜುಗಳ ಸುತ್ತ ಹೆಜ್ಜೆಹೆಜ್ಜೆಗೂ ಸಿಗುತ್ತದೆ. ಇವೆಲ್ಲ ಶುದ್ಧ ಸಸ್ಯಾಹಾರಿ. ಧಾರವಾಡದ ಬಸಪ್ಪ ಖಾನಾವಳಿಯ ಹೆಸರನ್ನು ಊರ ಹೊರಗಿನವರೂ ಕೇಳಿರುತ್ತಾರೆ. ಆದರೆ ಗುಣ ಇರುವುದು ಬೋರ್ಡಿನಲ್ಲಲ್ಲ, ಒಲೆಯ ಮುಂದೆ ಕೂತ ಅಕ್ಕಂದಿರ ಕೈಯಲ್ಲಿ.

ಒಳಗೆ ಕಾಲಿಟ್ಟ ಕೂಡಲೇ ಕಿವಿಗೊಡಿ. ರೊಟ್ಟಿ ಬಡಿಯುವ ಪಟಪಟ ಸದ್ದು ಕೇಳಿಸಿದರೆ ಕೂತುಬಿಡಿ. ಸದ್ದಿಲ್ಲದೆ ಡಬ್ಬಿಯಿಂದ ರೊಟ್ಟಿ ತೆಗೆಯುತ್ತಿದ್ದರೆ ಅವು ಬೆಳಿಗ್ಗೆ ಮಾಡಿಟ್ಟವು, ಇಲ್ಲವೇ ಹೊರಗಿನಿಂದ ತರಿಸಿದವು.

ಜೋಳದ ಹಿಟ್ಟಿನಲ್ಲಿ ಗೋಧಿಯ ಹಾಗೆ ಜಿಗುಟಿಲ್ಲ. ಅದಕ್ಕೇ ಕುದಿಯುವ ಎಸರು ಹಾಕಿ ಕಲಸುತ್ತಾರೆ; ಹಿಟ್ಟಿನ ಒಂದು ಪಾಲು ಅಲ್ಲೇ ಬೆಂದು ಅಂಟು ಬರುತ್ತದೆ. ಆಮೇಲೆ ಅಂಗೈಯಿಂದ ಒತ್ತಿ ನಾದಿ, ಉಂಡೆ ಕಟ್ಟಿ, ಒಣ ಹಿಟ್ಟಿನ ಮೇಲೆ ತಿರುಗಿಸುತ್ತ ಬಡಿಯುತ್ತಾರೆ. ಹಂಚಿನ ಮೇಲೆ ಹಾಕಿದ ತಕ್ಷಣ ಮೇಲ್ಭಾಗಕ್ಕೆ ಒದ್ದೆ ಬಟ್ಟೆಯಿಂದ ನೀರು ಸವರುತ್ತಾರೆ. ಆ ನೀರು ಆರುವ ಹೊತ್ತಿಗೆ ತಿರುವಿ ಹಾಕಬೇಕು, ತಡವಾದರೆ ರೊಟ್ಟಿ ಬಿರಿಯುತ್ತದೆ. ಕೊನೆಗೆ ಬೆಂಕಿಗೆ ಒಡ್ಡಿದಾಗ ಚೆಂಡಿನ ಹಾಗೆ ಉಬ್ಬಬೇಕು. ನಿಮ್ಮ ತಾಟಿಗೆ ಬಂದ ರೊಟ್ಟಿ ಎರಡು ಪದರಾಗಿ ಬಿಡಿಸಿಕೊಂಡರೆ ಅದು ಉಬ್ಬಿದ ರೊಟ್ಟಿ. ಅಂಚು ಸೀಳಿ ನಡು ದಪ್ಪವಾಗಿದ್ದರೆ ಹಿಟ್ಟು ಹಳೆಯದು, ಇಲ್ಲವೇ ಎಸರು ಕಾದಿರಲಿಲ್ಲ. ಹಳೆಯ ಹಿಟ್ಟಿಗೆ ಕಹಿಯೂ ಇರುತ್ತದೆ. ಒಂದು ತುಣುಕನ್ನು ಪಲ್ಯವಿಲ್ಲದೆ ಬಾಯಿಗೆ ಹಾಕಿಕೊಂಡರೆ ಗೊತ್ತಾಗುತ್ತದೆ. ಹಿಂಗಾರಿ ಬಿಳಿಜೋಳದ ಹಿಟ್ಟಾದರೆ ರೊಟ್ಟಿ ಬೆಳ್ಳಗೆ, ತುಸು ಸಿಹಿಯಾಗಿ ಇರುತ್ತದೆ.

ಬಿಸಿ ರೊಟ್ಟಿ ಮೆತ್ತಗಿರುವುದು ಹತ್ತು–ಹದಿನೈದು ನಿಮಿಷ ಮಾತ್ರ. ಮೂರು ರೊಟ್ಟಿ ಒಟ್ಟಿಗೆ ಹಾಕಿಸಿಕೊಂಡು ಫೋನ್ ನೋಡುತ್ತ ಕೂತರೆ ಮೂರನೆಯದು ತೊಗಲಿನಂತಾಗುತ್ತದೆ. ಒಂದೊಂದೇ ಕೇಳಿ: "ಅಕ್ಕಾರ, ಒಂದು ಬಿಸಿದು ಹಾಕ್ರಿ." ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ.

ಖಡಕ್ ರೊಟ್ಟಿಯ ಲೆಕ್ಕ ಬೇರೆ. ತೆಳ್ಳಗೆ ಬಡಿದು ಹಂಚಿನ ಮೇಲೆಯೇ ಪೂರ್ತಿ ಒಣಗಿಸಿದ್ದು, ತೇವ ತಾಗದಿದ್ದರೆ ವಾರಗಟ್ಟಲೆ ಇರುತ್ತದೆ. ಹಲ್ಲು ಗಟ್ಟಿಯಿದ್ದವರಿಗೆ ಅದರ ಸದ್ದೇ ಒಂದು ಸುಖ. ವಯಸ್ಸಾದವರು ಜೊತೆಗಿದ್ದರೆ ಮುರಿದು ಕಟ್ಟಿನ ಸಾರಿನಲ್ಲೋ ಮಜ್ಜಿಗೆಯಲ್ಲೋ ಎರಡು ನಿಮಿಷ ನೆನೆಸಿ ಕೊಡಿ. ಎರಡೂವರೆ ಮೇಲೆ ಹೋದರೆ ಹೆಚ್ಚಾಗಿ ಸಿಗುವುದು ಖಡಕ್ ರೊಟ್ಟಿಯೇ. ಆ ಹೊತ್ತಿಗೆ ತಣ್ಣಗಾದ ಬಿಸಿ ರೊಟ್ಟಿ ಒಪ್ಪಿಕೊಳ್ಳುವುದಕ್ಕಿಂತ ಖಡಕ್ ಕೇಳುವುದೇ ಜಾಣತನ.

ತಾಟಿನಲ್ಲಿ ಮೊದಲು ನೋಡಬೇಕಾದದ್ದು ಎಣ್ಣೆಗಾಯಿ. ಎಳೆಯ ಸಣ್ಣ ಬದನೆಕಾಯಿ, ತೊಟ್ಟು ಉಳಿಸಿ ನಾಲ್ಕು ಸೀಳು, ಒಳಗೆ ಹುರಿದ ಶೇಂಗಾ, ಎಳ್ಳು ಅಥವಾ ಗುರೆಳ್ಳು, ಒಣಕೊಬ್ಬರಿ, ಹುಣಸೆ, ಬೆಲ್ಲ, ಮಸಾಲೆ ಖಾರ. ಬದನೆ ತೊಟ್ಟಿನ ತನಕ ಬೆಂದಿರಬೇಕು, ಆದರೆ ಆಕಾರ ಬಿಟ್ಟಿರಬಾರದು. ರಸ ಅಂಟಂಟಾಗಿ, ಸಪ್ಪೆಯಾಗಿ ದಪ್ಪವಿದ್ದರೆ ಶೇಂಗಾ ಕಡಿಮೆ ಮಾಡಿ ಪುಠಾಣಿ (ಹುರಿಗಡಲೆ) ಹಿಟ್ಟು ಬೆರೆಸಿದ್ದಾರೆ ಅಂತ ಅರ್ಥ. ಗಂಟಲಲ್ಲಿ ಕಮಟು ಉಳಿದರೆ ಶೇಂಗಾ ಹಳೆಯದು; ಅಂಥ ಕಡೆ ಶೇಂಗಾ ಹಿಂಡಿಯನ್ನೂ (ಚಟ್ನಿಪುಡಿ) ಬಿಟ್ಟು ಅಗಸಿ ಹಿಂಡಿಗೆ ಮೊಸರು ಕೇಳಿ. ಜೊತೆಗೆ ಮಡಕಿಯೋ ಹೆಸರೋ ಕಾಳಿನ ಪಲ್ಯ, ಜುಣಕ, ಸೊಪ್ಪಿನ ಪಲ್ಯ, ಕೆಂಪು ಖಾರ, ಹಸಿ ಮೆಂತ್ಯೆ, ಮೂಲಂಗಿ, ಸೌತೆಕಾಯಿ, ಉಳ್ಳಾಗಡ್ಡಿ ಬರುತ್ತವೆ. ಹಸಿ ಸೊಪ್ಪು ಇಲ್ಲಿ ಅಲಂಕಾರಕ್ಕಲ್ಲ, ಊಟದ ಒಂದು ಭಾಗ. ಹೊಟ್ಟೆ ಸೂಕ್ಷ್ಮವಿರುವವರು ಮಳೆಗಾಲದಲ್ಲಿ ಅದನ್ನೊಂದು ಬಿಟ್ಟರೆ ಒಳ್ಳೆಯದು. ಎಷ್ಟು ಸಲ ತೊಳೆದಿದ್ದಾರೆ ಅಂತ ಕಣ್ಣಿಗೆ ಕಾಣುವುದಿಲ್ಲ.

ಹೊಸಬರು ಮಾಡುವ ತಪ್ಪು ಒಂದಿದೆ. ಮೊದಲೇ ಅನ್ನ ಹಾಕಿಸಿಕೊಳ್ಳುತ್ತಾರೆ. ಇಲ್ಲಿ ರೊಟ್ಟಿ ಮುಗಿದ ಮೇಲೆ ಅನ್ನ, ಮೊದಲು ಸಾರಿಗೆ, ಕೊನೆಗೆ ಮೊಸರಿಗೆ. ಅನ್ನ ಬಂತೆಂದರೆ ಬಡಿಸುವವರು ನಿಮ್ಮ ರೊಟ್ಟಿ ಮುಗಿಯಿತು ಅಂತಲೇ ತಿಳಿಯುತ್ತಾರೆ.

ಎಸಿ ಹೋಟೆಲುಗಳಲ್ಲೂ ಇದೇ ಊಟ 'ಉತ್ತರ ಕರ್ನಾಟಕ ಥಾಲಿ' ಎಂಬ ಹೆಸರಿನಲ್ಲಿ ಸಿಗುತ್ತದೆ. ಗೋಕುಲ ರಸ್ತೆ, ವಿದ್ಯಾನಗರದ ಕಡೆ ಇಂಥವು ಹೆಚ್ಚು. ಎಂಟು–ಹತ್ತು ಜನರ ಕುಟುಂಬ, ಸಣ್ಣ ಮಕ್ಕಳು, ಗಾಡಿ ನಿಲ್ಲಿಸಲು ಜಾಗ, ಕೈತೊಳೆಯಲು ಚೊಕ್ಕ ಜಾಗ ಬೇಕಿದ್ದರೆ ಅಲ್ಲಿಗೇ ಹೋಗಿ, ಅದರಲ್ಲಿ ತಪ್ಪೇನಿಲ್ಲ. ಆದರೆ ಅಲ್ಲಿ ರೊಟ್ಟಿ ಅಡುಗೆಮನೆಯಿಂದ ಟೇಬಲ್ಲಿಗೆ ಬರುವಷ್ಟರಲ್ಲಿ ಅರ್ಧ ಬಿಸಿ ಹೋಗಿರುತ್ತದೆ, ಪಲ್ಯಕ್ಕೆ ಬೆಲ್ಲ ಒಂದು ಕೈ ಮುಂದು. ರುಚಿಯೊಂದನ್ನೇ ನೋಡಿದರೆ ಒಲೆಗೆ ಹತ್ತಿರದ ಬೆಂಚೇ ಮೇಲು.

ಡಿಸೆಂಬರ್–ಜನವರಿಯಲ್ಲಿ ಬಂದವರು ಸೀತನಿ ಸಿಕ್ಕರೆ ಬಿಡಬೇಡಿ. ಎಳೆಯ ಜೋಳದ ತೆನೆಯನ್ನು ಕೆಂಡದಲ್ಲಿ ಸುಟ್ಟು ಬಡಿದು ತೆಗೆದ ಹಾಲುಗಾಳು ಅದು. ಹೋಟೆಲಿನಲ್ಲಿ ಕೇಳಿದರೆ ಸಿಗುವುದಿಲ್ಲ, ಹೊಲವಿರುವ ಪರಿಚಯದವರನ್ನೇ ಹಿಡಿಯಬೇಕು.

ರಾತ್ರಿ: ಸಾವಜಿ

ಮಾಂಸದೂಟಕ್ಕೆ ಈ ಊರಿನ ಉತ್ತರ ಸಾವಜಿ. ಇದು ಎಸ್‌ಎಸ್‌ಕೆ, ಅಂದರೆ ಸೋಮವಂಶ ಸಹಸ್ರಾರ್ಜುನ ಕ್ಷತ್ರಿಯ ಸಮಾಜದವರ ಮನೆ ಅಡುಗೆ. ಹುಬ್ಬಳ್ಳಿ, ಧಾರವಾಡ, ಗದಗ–ಬೆಟಗೇರಿಯಲ್ಲಿ ಈ ಸಮಾಜದವರು ಬಹಳ. ನಾಗಪುರದಲ್ಲೂ ಇದೇ ಹೆಸರಿನ ಅಡುಗೆ ಪ್ರಸಿದ್ಧ. ಸಾವಜಿ ಅಂತ ಬೋರ್ಡ್ ಹಾಕಿದ್ದೆಲ್ಲ ಸಾವಜಿಯಲ್ಲ, ಈ ಹೆಸರಿಗೆ ಗಿರಾಕಿ ಇರುವುದರಿಂದ ಯಾರು ಬೇಕಾದರೂ ಹಾಕಿಕೊಳ್ಳುತ್ತಾರೆ. ಗುರುತಿಸುವುದು ಹೇಗೆ?

ಮೊದಲನೆಯದಾಗಿ ಮೆನು ನೋಡಿ. ನಿಜವಾದ ಸಾವಜಿಯಲ್ಲಿ ಪಟ್ಟಿ ಗಿಡ್ಡ: ಮಟನ್, ಖೀಮಾ, ಖೀಮಾ ಉಂಡೆ, ಕಲೇಜಿ, ಚಿಕನ್, ತತ್ತಿ, ಜೊತೆಗೆ ರೊಟ್ಟಿ, ಚಪಾತಿ, ಅನ್ನ. ಅದೇ ಕಾರ್ಡಿನಲ್ಲಿ ಪನೀರ್ ಬಟರ್ ಮಸಾಲಾ, ನೂಡಲ್ಸ್, ತಂದೂರಿ ಎಲ್ಲ ಇದ್ದರೆ ಅಲ್ಲಿ ಒಂದೇ ಕೆಂಪು ಗ್ರೇವಿ ಎಲ್ಲಕ್ಕೂ ಹೋಗುತ್ತಿರುತ್ತದೆ.

ಎರಡನೆಯದು ಬಣ್ಣ. ಸಾರಿನ ಮೇಲೆ ಕೆಂಪೆಣ್ಣೆ ತೇಲುವುದು ಸಹಜ, ಮೆಣಸಿನಕಾಯಿಯ ಬಣ್ಣ ಎಣ್ಣೆಯಲ್ಲೇ ಕರಗುವುದು. ಒಂದು ಹನಿ ಸಾರನ್ನು ನೀರಿನ ಲೋಟಕ್ಕೆ ಬಿಟ್ಟು ನೋಡಿ. ಬಣ್ಣ ಎಣ್ಣೆಯ ಚುಕ್ಕೆಯಾಗಿ ಮೇಲೆಯೇ ನಿಂತರೆ ಅದು ಮೆಣಸಿನಕಾಯಿಯದು. ನೀರೆಲ್ಲ ಗುಲಾಬಿಯಾಗಿ ಹರಡಿದರೆ ಬಣ್ಣದ ಪುಡಿ ಹಾಕಿದ್ದಾರೆ, ಎದ್ದು ಬನ್ನಿ.

ಕೆಂಪು ನೋಡಿ ಹೆದರುವ ಅಗತ್ಯವೂ ಇಲ್ಲ, ನೋಡಿ ಧೈರ್ಯ ಮಾಡುವಂತೆಯೂ ಇಲ್ಲ. ಆ ಬಣ್ಣ ಬ್ಯಾಡಗಿ ಮೆಣಸಿನಕಾಯಿಯದು. ಹಾವೇರಿ ಜಿಲ್ಲೆಯ ಬ್ಯಾಡಗಿಯ ಈ ಕಾಯಿಗೆ 2011ರಲ್ಲಿ ಭೌಗೋಳಿಕ ಗುರುತು ಸಿಕ್ಕಿದೆ. ಸುಕ್ಕುಗಟ್ಟಿದ, ಉದ್ದನೆಯ ಕಾಯಿ. ಬಣ್ಣ ಗಾಢ, ಖಾರ ಕಡಿಮೆ. ಬಾಯಿ ಉರಿಸುವುದು ಅದರ ಜೊತೆ ಬೆರೆಸುವ ಗುಂಟೂರು ಜಾತಿಯ ಕಾಯಿ. ಎರಡರ ಪ್ರಮಾಣ ಒಂದೊಂದು ಅಡುಗೆಮನೆಯಲ್ಲಿ ಒಂದೊಂದು. ಅದರ ಮೇಲೆ ಹುರಿದ ಒಣಕೊಬ್ಬರಿ, ಗಸಗಸೆ, ಧನಿಯಾ, ಲವಂಗ, ಚಕ್ಕೆ, ಕಲ್ಲುಹೂವು, ಸುಟ್ಟ ಉಳ್ಳಾಗಡ್ಡಿ, ಬೆಳ್ಳುಳ್ಳಿ. ಮಸಾಲೆಯನ್ನು ಎಣ್ಣೆ ಬಿಡುವ ತನಕ ಹುರಿಯದಿದ್ದರೆ ಸಾರಿಗೆ ಹಸಿ ವಾಸನೆ ಉಳಿಯುತ್ತದೆ, ಊಟವಾದ ಮೇಲೆ ಎದೆ ಉರಿಯುವುದೂ ಹೆಚ್ಚಾಗಿ ಅಂಥ ಸಾರಿನಿಂದಲೇ.

ಮೊದಲ ಸಲದವರು ಖೀಮಾ ಉಂಡೆಯಿಂದ ಶುರು ಮಾಡಿ. ಮಾಂಸ ಅರೆದು ಉಂಡೆ ಕಟ್ಟಿರುವುದರಿಂದ ಖಾರ ಒಳಗೆ ಅಷ್ಟು ಇಳಿದಿರುವುದಿಲ್ಲ. ಬೆರಳಲ್ಲಿ ಒತ್ತಿದರೆ ಬಿರಿಯಬೇಕು, ರಬ್ಬರಿನಂತೆ ಪುಟಿದರೆ ಹಿಟ್ಟು ಜಾಸ್ತಿ. ಆಮೇಲೆ ಮಟನ್ ಸಾರಿಗೆ ರೊಟ್ಟಿ. ಉರಿ ಹತ್ತಿದಾಗ ನೀರು ಕುಡಿಯಬೇಡಿ. ಖಾರದ ಅಂಶ ನೀರಿನಲ್ಲಿ ಕರಗದೆ ಬಾಯಿ ತುಂಬ ಹರಡುತ್ತದೆ. ಮೊಸರು, ಅನ್ನ, ಒಂದು ಹಸಿ ಉಳ್ಳಾಗಡ್ಡಿ ಚೂರಿಗೆ ನಿಂಬೆಹಣ್ಣು, ಇವು ಕೆಲಸ ಮಾಡುತ್ತವೆ. "ಖಾರ ಕಡಿಮಿ ಮಾಡ್ರಿ" ಅಂತ ಹೇಳಿ ಪ್ರಯೋಜನವಿಲ್ಲ, ಸಾರು ಬೆಳಿಗ್ಗೆಯೇ ಆಗಿರುತ್ತದೆ. ಅದರ ಬದಲು ಮೇಲಿನ ಎಣ್ಣೆ ತೆಗೆದು ಕೆಳಗಿನ ಸಾರು ಹಾಕಲು ಕೇಳಿ, ಅರ್ಧ ಖಾರ ಅಲ್ಲೇ ಇಳಿಯುತ್ತದೆ.

ಸಾವಜಿಗೆ ಹೊತ್ತು ರಾತ್ರಿ ಏಳೂವರೆಯಿಂದ ಒಂಬತ್ತು. ಒಂಬತ್ತು ದಾಟಿದರೆ ಕಲೇಜಿ, ಖೀಮಾ ಮೊದಲು ಖಾಲಿಯಾಗುತ್ತವೆ. ಶ್ರಾವಣದಲ್ಲಿ, ಸೋಮವಾರಗಳಲ್ಲಿ ಗಿರಾಕಿ ಕಡಿಮೆ ಇರುವುದರಿಂದ ಅಡುಗೆಯೂ ಕಡಿಮೆ. ಆ ದಿನಗಳಲ್ಲಿ ಫೋನ್ ಮಾಡಿ ಕೇಳಿಕೊಂಡು ಹೋಗಿ. ಜೊತೆಯಲ್ಲಿ ಸಸ್ಯಾಹಾರಿಗಳಿದ್ದರೆ ಅವರನ್ನು ಸಾವಜಿಗೆ ಕರೆದೊಯ್ದು ಮೊಸರನ್ನದ ಮುಂದೆ ಕೂರಿಸಬೇಡಿ, ಅದು ಇಬ್ಬರಿಗೂ ನ್ಯಾಯವಲ್ಲ. ಅಂಥ ಗುಂಪಿಗೆ ಮಧ್ಯಾಹ್ನದ ಖಾನಾವಳಿಯೇ ಒಳ್ಳೆಯದು.

ಸಂಜೆ: ದುರ್ಗದಬೈಲು

ಐದೂವರೆ ಆದ ಮೇಲೆ ಹುಬ್ಬಳ್ಳಿಯ ದುರ್ಗದಬೈಲಿಗೆ ಜನ ಸೇರುತ್ತಾರೆ. ಗಾಡಿ, ಸಣ್ಣ ಅಂಗಡಿ, ನಿಂತೇ ತಿನ್ನುವುದು. ಕಾರಿನಲ್ಲಿ ಹೋದರೆ ನಿಲ್ಲಿಸಲು ಜಾಗ ಹುಡುಕುವುದರಲ್ಲೇ ಅರ್ಧ ಗಂಟೆ ಹೋಗುತ್ತದೆ, ಆಟೋದಲ್ಲಿ ಹೋಗಿ.

ಇಲ್ಲಿ ತಿನ್ನಬೇಕಾದದ್ದು ಗಿರಮಿಟ್, ಅದರ ಜೊತೆ ಮಿರ್ಚಿ, ಆಮೇಲೆ ಚಾ. ಬೆಂಗಳೂರಿನ ಚುರುಮುರಿ ನೆನೆಸಿಕೊಂಡು ಬಂದವರಿಗೆ ಇದು ಬೇರೆಯದೇ ತಿಂಡಿ. ಅಲ್ಲಿ ಹಸಿ ಉಳ್ಳಾಗಡ್ಡಿ, ತುರಿದ ಗಜ್ಜರಿ. ಇಲ್ಲಿ ಮೊದಲೇ ಬೇಯಿಸಿದ ಗೊಜ್ಜು. ಎಣ್ಣೆಯಲ್ಲಿ ಸಾಸಿವೆ, ಜೀರಿಗೆ, ಹಸಿಮೆಣಸು, ಉಳ್ಳಾಗಡ್ಡಿ ಬಾಡಿಸಿ, ಅರಿಶಿನ, ಹುಣಸೆರಸ, ಬೆಲ್ಲ ಹಾಕಿ ಗಟ್ಟಿಯಾಗುವ ತನಕ ಕುದಿಸಿ ಆರಿಸುತ್ತಾರೆ. ಮನೆಯಲ್ಲಿ ಮಾಡುವವರಿಗೆ ಅಳತೆ: ಎಂಟು ಬಟ್ಟಲು ಚುರಮರಿಗೆ ಮುಕ್ಕಾಲು ಬಟ್ಟಲು ಗೊಜ್ಜು, ನಾಲ್ಕು ಚಮಚ ಪುಠಾಣಿ ಪುಡಿ. ಪುಠಾಣಿ ಪುಡಿಯನ್ನು ಮರೆಯುವಂತಿಲ್ಲ. ಗೊಜ್ಜಿನ ತೇವವನ್ನು ಅದು ಹೀರಿಕೊಳ್ಳುವುದರಿಂದಲೇ ಚುರಮರಿ ಗರಿಗರಿಯಾಗಿ ಉಳಿಯುವುದು. ಗೊಜ್ಜು ಬಿಸಿಯಿರುವಾಗ ಕಲಸಿದರೆ ಎಲ್ಲ ಮುದ್ದೆ. ಗಾಡಿಯಲ್ಲಿ ನೋಡಬೇಕಾದದ್ದೂ ಇದೇ: ನೀವು ಕೇಳಿದ ಮೇಲೆ ಕಲಸುತ್ತಾರೋ, ದೊಡ್ಡ ಪಾತ್ರೆಯಲ್ಲಿ ಕಲಸಿಟ್ಟು ತುಂಬಿಕೊಡುತ್ತಾರೋ. ಎರಡನೆಯದಾದರೆ ಮುಂದಿನ ಗಾಡಿಗೆ ನಡೆಯಿರಿ.

ಮಿರ್ಚಿಗೆ ಬಾಣಲೆ ನೋಡಿ. ಎಣ್ಣೆ ಕಪ್ಪಾಗಿ, ಮೇಲೆ ನೊರೆ ನಿಂತು, ಹೊಗೆ ಬರುತ್ತಿದ್ದರೆ ಬೇಡ. ಮಿರ್ಚಿಯನ್ನು ಒಮ್ಮೆ ಅರೆಬೇಯಿಸಿ ತೆಗೆದು, ಕೇಳಿದಾಗ ಕತ್ತರಿಸಿ ಮತ್ತೆ ಕರಿದು ಕೊಡುವುದು ಕಟ್ ಮಿರ್ಚಿ. ಗರಿಗರಿ ಇಷ್ಟವಿದ್ದವರಿಗೆ ಅದು. ಮೆಣಸಿನಕಾಯಿಯ ಮೆತ್ತನೆ ತಿರುಳು ಬೇಕಿದ್ದವರು ಇಡೀ ಮಿರ್ಚಿಯನ್ನೇ ತಗೊಳ್ಳಿ. ಭಜಿಯ ಹುಚ್ಚಿದ್ದವರಿಗೆ ಗದಗ ಸುಮಾರು 60 ಕಿಲೋಮೀಟರ್ ಅಷ್ಟೇ. ಅಲ್ಲಿನ ಬದನೆಕಾಯಿ ಭಜಿಗೆ ಹುಬ್ಬಳ್ಳಿಯಲ್ಲಿ ಸಾಟಿ ಇಲ್ಲ ಅಂತ ಹುಬ್ಬಳ್ಳಿಯವರೇ ಒಪ್ಪುತ್ತಾರೆ.

ಗೋಬಿ ಮಂಚೂರಿ ಗಾಡಿಗಳೂ ಅಲ್ಲೇ ಸಾಲಾಗಿ ನಿಂತಿರುತ್ತವೆ. ಗೋಬಿಗೆ ಕೃತಕ ಬಣ್ಣ ಹಾಕುವುದನ್ನು ರಾಜ್ಯ ಸರ್ಕಾರ 2024ರ ಮಾರ್ಚ್‌ನಲ್ಲಿ ನಿಷೇಧಿಸಿದೆ. ಈಗ ಸರಿಯಾಗಿ ಮಾಡಿದ ಗೋಬಿ ಕಂದು ಬಣ್ಣಕ್ಕಿರುತ್ತದೆ. ಕಣ್ಣು ಕುಕ್ಕುವ ಕೆಂಪಿದ್ದರೆ ಮಕ್ಕಳಿಗೆ ಕೊಡಿಸಬೇಡಿ.

ಬೆಳಿಗ್ಗೆ

ಇದರ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಇಡ್ಲಿ–ವಡಾ, ಪೂರಿ, ಶಿರಾ–ಉಪ್ಪಿಟ್ಟಿಗೆ ಹುಬ್ಬಳ್ಳಿಯ ಕಾಮತ್, ಪಂಜುರ್ಲಿಯಂಥ ಹೋಟೆಲುಗಳು ನಂಬಿಕೆಯವು. ಧಾರವಾಡದಲ್ಲಿ ದೋಸೆ ಅಂದರೆ ಎಲ್‌ಇಎ ಕ್ಯಾಂಟೀನಿನ ಹೆಸರು ಮೊದಲು ಬರುತ್ತದೆ. ಊರಿನ ರುಚಿಯೇ ಬೇಕಿದ್ದರೆ ಪಡ್ಡು ಅಥವಾ ಸೂಸಲಾ ಕೇಳಿ. ಸೂಸಲಾ ಅಂದರೆ ಚುರಮರಿಯನ್ನು ನೀರಲ್ಲಿ ಅದ್ದಿ ಹಿಂಡಿ ಒಗ್ಗರಣೆ ಕೊಟ್ಟದ್ದು. ಗಿರಮಿಟ್ ಗರಿಗರಿ, ಇದು ಮೆತ್ತಗೆ. ಹತ್ತು ಗಂಟೆಯೊಳಗೆ ಹೋದರೆ ಮಾತ್ರ ಬಿಸಿಯಾಗಿ ಸಿಗುತ್ತದೆ.

ರೈಲಿನ ನಡುವೆ ಮುಕ್ಕಾಲು ಗಂಟೆ ಮಾತ್ರ ಇದ್ದವರಿಗೆ ಒಂದು ಮಾತು. ಹುಬ್ಬಳ್ಳಿ ಸ್ಟೇಷನ್ನಿನ ಒಂದು ಪ್ಲಾಟ್‌ಫಾರ್ಮ್ 1507 ಮೀಟರ್ ಉದ್ದ. ನಿಮ್ಮ ಬೋಗಿ ಆ ತುದಿಯಲ್ಲಿ ನಿಂತರೆ ನಡೆದು ಹೊರಬರಲು, ಮತ್ತೆ ಒಳಹೋಗಲು ಸೇರಿ ಅರ್ಧ ಗಂಟೆ ಬೇಕು. ಆಗ ಹೊರಗಿನ ಊಟದ ಆಸೆ ಬಿಟ್ಟು, ಖಡಕ್ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಸಿಕೊಂಡು ಬರುವ ಪರಿಚಯದವರು ಇದ್ದಾರೇನು ನೋಡಿ.

ಪೇಡೆಗಾಗಿ ಧಾರವಾಡಕ್ಕೆ ಹೋಗಬೇಕೆ?

ಹುಬ್ಬಳ್ಳಿಯಿಂದ ಧಾರವಾಡ ಸುಮಾರು 20 ಕಿಲೋಮೀಟರ್, ಎರಡೂ ಊರಿನ ನಡುವೆ ಓಡುವ ಚಿಗರಿ (ಬಿಆರ್‌ಟಿಎಸ್) ಬಸ್ಸಿನಲ್ಲಿ ಆರಾಮಾಗಿ ಹೋಗಬಹುದು. ಬರೀ ಪೇಡೆ ತಿನ್ನಬೇಕು ಅಂದರೆ ಹೋಗುವ ಅಗತ್ಯವಿಲ್ಲ. ಮಿಶ್ರಾ ಪೇಡೆಯ ಅಂಗಡಿಗಳು ಹುಬ್ಬಳ್ಳಿಯಲ್ಲೇ ಬೇಕಾದಷ್ಟಿವೆ; ಸದಾ ಸಿಗುತ್ತದೆ, ಎಲ್ಲ ಅಂಗಡಿಯಲ್ಲೂ ಒಂದೇ ರುಚಿ, ಪ್ಯಾಕಿಂಗ್ ಗಟ್ಟಿ. ದೂರದ ಊರಿನ ನಾಲ್ಕು ಮನೆಗೆ ಹಂಚಬೇಕಿದ್ದರೆ ಅದೇ ಅನುಕೂಲ.

ಲೈನ್ ಬಜಾರಿನ ಠಾಕೂರ ಪೇಡೆಗೆ ಮಾತ್ರ ಧಾರವಾಡಕ್ಕೇ ಹೋಗಬೇಕು. ಉತ್ತರ ಪ್ರದೇಶದ ಉನ್ನಾವಿನಿಂದ ಬಂದು ನೆಲೆಸಿದ ಮನೆತನದ ಅಂಗಡಿ ಅದು. ಅಂದಿನದು ಅಂದಿಗೆ ಮಾಡುತ್ತಾರೆ, ಮುಗಿದರೆ ಮುಗಿಯಿತು. ಸಾಲು ನಿಲ್ಲಬೇಕು, ಸಂಜೆಗೆ ಹೋಗಿ ಬರಿಗೈಯಲ್ಲಿ ಬಂದವರು ಬಹಳ ಜನ. ಬೆಳಿಗ್ಗೆಯೇ ಹೋಗಿ.

ಧಾರವಾಡ ಪೇಡೆಗೆ ಭೌಗೋಳಿಕ ಗುರುತಿದೆ, ಅದರ ಜೀವ ಇರುವುದು ಹುರಿಯುವುದರಲ್ಲಿ. ಒಂದು ಕಿಲೋ ಖವಾ ಆಗಲು ಸುಮಾರು ಐದು ಲೀಟರ್ ಎಮ್ಮೆ ಹಾಲು ಬೇಕು. ಆ ಖವಾವನ್ನು ಸಕ್ಕರೆ ಹಾಕಿ ಸಣ್ಣ ಉರಿಯಲ್ಲಿ ಕೈಬಿಡದೆ ಹುರಿಯುತ್ತ ಹೋದಂತೆ ಬಿಳಿ ಹೋಗಿ ಕಂದು ಬರುತ್ತದೆ, ಮರಳುಮರಳಾಗುತ್ತದೆ. ಆತುರದಲ್ಲಿ ಉರಿ ಹೆಚ್ಚಿಸಿದರೆ ತಳ ಹತ್ತಿ ಕಹಿಯಾಗುತ್ತದೆ. ಬೇಗ ಇಳಿಸಿದರೆ ಹಸಿ ಹಾಲಿನ ವಾಸನೆ ಉಳಿದು ಮೂರು ದಿನಕ್ಕೇ ಬೂಸಲು ಬರುತ್ತದೆ. ಅಂಗಡಿಯಲ್ಲಿ ಒಂದು ಪೇಡೆ ಮುರಿದು ನೋಡಿ: ಒಳಗೂ ಹೊರಗೂ ಒಂದೇ ಕಂದು, ಮುರಿದ ಕಡೆ ಮರಳಿನ ಹಾಗೆ ಉದುರಬೇಕು. ಒಳಗೆ ಬಿಳಿಚಿಕೊಂಡು ಮೆತ್ತಗೆ ಅಂಟಿದರೆ ಅದು ಬಣ್ಣ ಬರಲು ಬೇರೇನೋ ಹಾಕಿದ ಪೇಡೆ.

ಪ್ರಯಾಣದಲ್ಲಿ ಒಯ್ಯುವ ಸಿಹಿಗಳನ್ನು ಹೋಲಿಸಿದರೆ ಬೆಳಗಾವಿಯ ಕುಂದಾ ಮೆತ್ತಗಿರುವುದರಿಂದ ಎರಡು–ಮೂರು ದಿನದೊಳಗೆ ಮುಗಿಸಬೇಕು, ಚೆನ್ನಾಗಿ ಹುರಿದ ಪೇಡೆ ವಾರ ತಡೆಯುತ್ತದೆ, ಗೋಕಾಕಿನ ಕರದಂಟು ಇವೆರಡಕ್ಕಿಂತಲೂ ಹೆಚ್ಚು ದಿನ. ಪೇಡೆ ಬಿಸಿಯಿರುವಾಗ ಪ್ಲಾಸ್ಟಿಕ್ ಡಬ್ಬಿಗೆ ಹಾಕಿ ಮುಚ್ಚಿಸಿಕೊಳ್ಳಬೇಡಿ, ಒಳಗೆ ಬೆವರಿ ಮೇಲಿನ ಸಕ್ಕರೆ ಕರಗುತ್ತದೆ. ರಟ್ಟಿನ ಡಬ್ಬಿಯಲ್ಲೇ ಒಯ್ದು, ಮನೆಗೆ ಹೋದ ಮೇಲೆ ಆರಿದ ಸ್ಟೀಲ್ ಡಬ್ಬಿಗೆ ಹಾಕಿ ಹೊರಗೇ ಇಡಿ. ಫ್ರಿಜ್ಜಿನಲ್ಲಿಟ್ಟು ತೆಗೆದ ಪೇಡೆಯೂ ಹಾಗೇ ಬೆವರುತ್ತದೆ.